ಟೆಲಿಸ್ಕೋಪ್‌ಗೆ ಚಿತ್ತಾರದ ನಾಲ್ಕು ಬಣ್ಣ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಮನೆಯೊಳಗೆ ಕೂತು ಕೋಡ್ ಬರೆಯುವವರಿಗೆ ಪರದೆಯ ಬಣ್ಣ ಸಣ್ಣ ವಿಷಯ ಅಲ್ಲ. ಮಧ್ಯಾಹ್ನದ ಹೊತ್ತಿಗೂ ಒಳಗೆ ಕತ್ತಲು. ಕರೆಂಟ್ ಹೋದರೆ ಬ್ಯಾಟರಿ ಉಳಿಸಲು ಪರದೆಯ ಬೆಳಕು ತಗ್ಗಿಸಲೇಬೇಕು. ಬೇಸಿಗೆ ಬಂದರೆ ಎಲ್ಲ ಉಲ್ಟಾ. ಸೆಕೆಗೆ ಜಗಲಿಗೆ ಬಂದು ಕೂತರೆ ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಬಿದ್ದ ಬಿಸಿಲು ಪರದೆಗೂ ಹೊಡೆಯುತ್ತದೆ. ಈ ಎರಡು ಬೆಳಕಿನಲ್ಲೂ ಕಣ್ಣಿಗೆ ತ್ರಾಸ ಆಗದ ಬಣ್ಣ ನನಗೆ ಬೇಕಿತ್ತು. ಕೋಡ್ ಬರೆಯುವ ಇಡೀ ಎಡಿಟರ್‌ಗಿಂತ ಜಾಸ್ತಿ ಅದರ ಒಂದು ಪೆಟ್ಟಿಗೆಗೆ ಬೇಕಿತ್ತು. ದಿನವಿಡೀ ನಾನು ತೆರೆದು ಮುಚ್ಚುವ, ಕಡತ ಹುಡುಕುವ ಪೆಟ್ಟಿಗೆ ಅದು.

ನಾನು ಬಳಸುವ ಎಡಿಟರ್ ನಿಯೋವಿಮ್. ಅದರೊಳಗೆ ಹುಡುಕಾಟಕ್ಕೆ ಟೆಲಿಸ್ಕೋಪ್ ಎಂಬ ಪ್ಲಗಿನ್, ಅಂದರೆ ಬೇರೆಯಾಗಿ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ ಇದೆ. ಇಂಥದ್ದನ್ನು ಫಜಿ ಫೈಂಡರ್ ಎನ್ನುತ್ತಾರೆ. ಕಡತದ ಪೂರ್ತಿ ಹೆಸರು ಟೈಪ್ ಮಾಡಬೇಕಿಲ್ಲ. ನಡುವೆ ಅಕ್ಷರ ಬಿಟ್ಟರೂ ನಡೆಯುತ್ತದೆ, ಕ್ರಮ ಸರಿ ಇದ್ದರೆ ಸಾಕು. ಮನೆಯ ಲೆಕ್ಕದ ಕಡತಗಳಿಗೆ ನಾನು ಕನ್ನಡದಲ್ಲೇ ಹೆಸರು ಇಡುತ್ತೇನೆ. ‘ಮದರ’ ಎಂದು ಕೊಟ್ಟರೆ ‘ಮಂಡಿ-ದರ-ಪಟ್ಟಿ’ ಎದುರು ಬರುತ್ತದೆ. ಪೆಟ್ಟಿಗೆಯಲ್ಲಿ ಮೂರು ಭಾಗ. ಟೈಪ್ ಮಾಡುವ ಜಾಗ ಪ್ರಾಂಪ್ಟ್. ಸಿಕ್ಕಿದ ಹೆಸರುಗಳ ಪಟ್ಟಿ ರಿಸಲ್ಟ್ಸ್. ಆಯ್ದ ಕಡತದ ಒಳಗೇನಿದೆ ಎಂದು ತೋರಿಸುವುದು ಪ್ರಿವ್ಯೂ.

ಒಂದು ಹೊಸ ಕಲರ್‌ಸ್ಕೀಮ್, ಅಂದರೆ ಇಡೀ ಎಡಿಟರ್‌ಗೆ ಒಟ್ಟಿಗೆ ಬರುವ ಬಣ್ಣಗಳ ಕಟ್ಟು, ಹಾಕಿಕೊಂಡಿದ್ದೆ. ಕೋಡ್ ಓದಲು ಅದು ಬಹಳ ಚೆಂದ. ಆದರೆ ಹುಡುಕುವ ಪೆಟ್ಟಿಗೆ ತೆರೆದರೆ ಯಾವ ಸಾಲು ಆಯ್ಕೆಯಾಗಿದೆ ಎಂದು ಕಣ್ಣು ಕಿರಿದು ಮಾಡಿ ನೋಡಬೇಕಿತ್ತು. ನಾನು ಟೈಪ್ ಮಾಡಿದ ಅಕ್ಷರಗಳು ಹೆಸರಿನಲ್ಲಿ ಎಲ್ಲಿ ಹೊಂದಿವೆ ಎಂದು ತೋರಿಸುವ ಬಣ್ಣ ಕಡು ನೀಲಿ. ಪರದೆಯ ಬೆಳಕು ತಗ್ಗಿಸಿದರೆ ಆ ಅಕ್ಷರಗಳೇ ಮಾಯ. ಎದ್ದು ಕಾಣಬೇಕಾದದ್ದೇ ಮುಳುಗಿಹೋಗುತ್ತಿತ್ತು.

ಮೊದಲು ಮಾಡಿದ ಕೆಲಸ, ಬಣ್ಣ ಎಲ್ಲಿಂದ ಬರುತ್ತಿದೆ ಎಂದು ಹುಡುಕಿದ್ದು. ನಿಯೋವಿಮ್‌ನಲ್ಲಿ ಪರದೆಯ ಪ್ರತಿ ತುಣುಕಿಗೂ ಒಂದು ಹೈಲೈಟ್ ಗ್ರೂಪ್ ಇರುತ್ತದೆ. ಅದಕ್ಕೊಂದು ಹೆಸರು. ಆ ಹೆಸರಿಗೆ ಅಕ್ಷರದ ಬಣ್ಣ, ಹಿನ್ನೆಲೆಯ ಬಣ್ಣ, ದಪ್ಪ, ಅಡಿಗೆರೆ ಇವನ್ನೆಲ್ಲ ಅಂಟಿಸಬಹುದು. ಟೆಲಿಸ್ಕೋಪ್‌ನಲ್ಲೇ ‘ಹೈಲೈಟ್ಸ್’ ಎಂಬ ಹುಡುಕಾಟ ಇದೆ. ಅದನ್ನು ತೆರೆದು ‘ಟೆಲಿಸ್ಕೋಪ್’ ಎಂದು ಬರೆದರೆ ಅದರದೇ ಗ್ರೂಪ್‌ಗಳೆಲ್ಲ ಸಾಲಾಗಿ ಬರುತ್ತವೆ. ಬಣ್ಣ ಬದಲಿಸಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ಅಲ್ಲಿ ನೋಡಿದರೆ ಹೆಚ್ಚಿನವಕ್ಕೆ ಸ್ವಂತ ಬಣ್ಣವೇ ಇಲ್ಲ. ಒಂದು ಇನ್ನೊಂದಕ್ಕೆ ಲಿಂಕ್ ಆಗಿದೆ. ಆಯ್ಕೆಯಾದ ಸಾಲಿನ ಗ್ರೂಪ್ ಟೆಲಿಸ್ಕೋಪ್‌ಸೆಲೆಕ್ಷನ್. ಅದು ವಿಶುವಲ್ ಎಂಬ ಗ್ರೂಪ್‌ನ ಬಣ್ಣ ತೆಗೆದುಕೊಳ್ಳುತ್ತದೆ. ಎಡಿಟರ್‌ನಲ್ಲಿ ನಾವು ಪಠ್ಯ ಆರಿಸಿದಾಗ ಬರುವ ಬಣ್ಣ ಅದು. ಹೊಂದಿದ ಅಕ್ಷರಗಳ ಗ್ರೂಪ್ ಟೆಲಿಸ್ಕೋಪ್‌ಮ್ಯಾಚಿಂಗ್. ಅದು ಸ್ಪೆಷಲ್‌ಗೆ ಲಿಂಕ್. ಅಂಚಿನ ಗೆರೆ ಟೆಲಿಸ್ಕೋಪ್‌ಬಾರ್ಡರ್. ಅದು ಟೆಲಿಸ್ಕೋಪ್‌ನಾರ್ಮಲ್ ಮೂಲಕ ಎಡಿಟರ್‌ನ ನಾರ್ಮಲ್‌ಗೆ ಹೋಗಿ ಮುಟ್ಟುತ್ತದೆ. ಈ ಸರಪಳಿ ಅರ್ಥವಾದ ಮೇಲೆ ಮುಂದಿನದೆಲ್ಲ ಸಲೀಸು. ನನ್ನ ಸ್ಕೀಮ್ ಬರೆದವರು ಸ್ಪೆಷಲ್‌ಗೆ ನೀಲಿ ಕೊಟ್ಟದ್ದು ಕೋಡ್‌ನೊಳಗಿನ ವಿಶೇಷ ಚಿಹ್ನೆಗಳಿಗಾಗಿ. ಅಲ್ಲಿ ಅದು ಸರಿಯಾಗೇ ಇದೆ. ಹುಡುಕುವ ಪೆಟ್ಟಿಗೆಗೆ ಅದೇ ಬಣ್ಣ ಬಂದದ್ದು ಬರೀ ಲಿಂಕ್‌ನಿಂದ. ಸ್ಪೆಷಲ್ ಅನ್ನು ಬದಲಿಸಿದರೆ ಕೋಡ್‌ನ ಬಣ್ಣವೂ ಕೆಡುತ್ತದೆ. ಹಾಗಾಗಿ ಟೆಲಿಸ್ಕೋಪ್‌ನ ಗ್ರೂಪ್‌ಗಳಿಗೆ ಮಾತ್ರ ಸ್ವಂತ ಬಣ್ಣ ಕೊಡುವುದೆಂದು ನಿರ್ಧರಿಸಿದೆ.

ಯಾವ ಬಣ್ಣ? ಇಲ್ಲಿ ನಾನು ಸಮಯ ತೆಗೆದುಕೊಂಡೆ. ಅವಸರ ಮಾಡಬಾರದ ಜಾಗ ಇದು ಎಂದೇ ನನ್ನ ಅಭಿಪ್ರಾಯ. ಗ್ರೂಪ್‌ಗಳು ತುಂಬಾ ಇವೆ ಅಂತ ಒಂದೊಂದಕ್ಕೂ ಒಂದು ಬಣ್ಣ ಕೊಡುತ್ತಾ ಹೋದರೆ ಪರದೆ ತುಂಬಾ ಬಣ್ಣ, ಕಣ್ಣಿಗೆ ಒಂದೂ ಹತ್ತುವುದಿಲ್ಲ. ಹುಡುಕುವಾಗ ನನ್ನ ಕಣ್ಣಿಗೆ ಬೇಕಾದದ್ದು ಎರಡೇ. ನಾನು ಈಗ ಯಾವ ಸಾಲಿನಲ್ಲಿದ್ದೇನೆ? ಆ ಸಾಲು ಯಾಕೆ ಬಂತು, ಅಂದರೆ ನನ್ನ ಅಕ್ಷರ ಎಲ್ಲಿ ಹೊಂದಿತು? ಉಳಿದದ್ದೆಲ್ಲ ಹಿಂದೆ ಸರಿದು ನಿಲ್ಲಬೇಕು.

ಬಣ್ಣ ಕಡಿಮೆ ಇಡಬೇಕು ಎಂದಾಗ ನೆನಪಾದದ್ದು ಹಸೆ ಚಿತ್ತಾರ. ಸಾಗರದ ಕಡೆ ದೀವರ ಮನೆಗಳಲ್ಲಿ ಹೆಂಗಸರು ಗೋಡೆಯ ಮೇಲೆ ಬರೆಯುತ್ತಾರಲ್ಲ, ಅದು. ಕೆಮ್ಮಣ್ಣು ಬಳಿದ ಗೋಡೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಅಕ್ಕಿಯನ್ನು ಕರಕಲಾಗುವವರೆಗೆ ಹುರಿದು ಮಾಡಿದ ಕಪ್ಪು. ಗುರಿಗೆ ಕಾಯಿಯ ಬೀಜದಿಂದ ಬಂದ ಹಳದಿ. ಪುಂಡಿ ನಾರಿನ ಕುಂಚದಲ್ಲಿ ಎಳೆದ ಗೆರೆ ಎಷ್ಟೇ ಸಣ್ಣದಿದ್ದರೂ ದೂರದಿಂದ ಕಾಣುತ್ತದೆ. ದೀಪದ ಬೆಳಕಿನ ಒಳಕೋಣೆಯಲ್ಲೂ ಕಾಣುತ್ತದೆ. ನಾಲ್ಕೇ ಬಣ್ಣ, ಪ್ರತಿಯೊಂದಕ್ಕೂ ತನ್ನ ಕೆಲಸ. ನನಗೆ ಬೇಕಾದದ್ದೂ ಇದೇ ಆಗಿತ್ತು. ಆ ನಾಲ್ಕನ್ನೇ ತೆಗೆದುಕೊಂಡೆ.

ಪರದೆಯ ಬಣ್ಣವನ್ನು ಕೆಂಪು, ಹಸಿರು, ನೀಲಿ ಮೂರಕ್ಕೂ 0ಯಿಂದ 255ರವರೆಗಿನ ಒಂದೊಂದು ಸಂಖ್ಯೆ ಕೊಟ್ಟು ಹೇಳುತ್ತಾರೆ. ಕಪ್ಪು ಹಿನ್ನೆಲೆಗೆ. ಪೂರ್ತಿ ಕಪ್ಪಲ್ಲ, ಕೆಂಪು ಹಸಿರು ನೀಲಿ ಮೂರೂ 40 ಇರುವ ಬೂದುಗಪ್ಪು. ಕೆಮ್ಮಣ್ಣು ಆಯ್ಕೆಯಾದ ಸಾಲಿನ ಹಿನ್ನೆಲೆಗೆ: 90, 40, 30. ಅಕ್ಕಿ ಬಿಳಿ ಆ ಸಾಲಿನ ಅಕ್ಷರಕ್ಕೆ: 235, 225, 205. ಹಳದಿ ಹೊಂದಿದ ಅಕ್ಷರಗಳಿಗೆ: 240, 190, 60.

ಕಣ್ಣಂದಾಜಿಗೆ ಚೆಂದ ಕಂಡಿತು. ಆದರೆ ನನ್ನ ಕಣ್ಣಂದಾಜು ರಾತ್ರಿ ಒಂದು, ಹಗಲು ಒಂದು. ಹಾಗಾಗಿ ಲೆಕ್ಕ ಹಾಕಿ ನೋಡಿದೆ. ಎರಡು ಬಣ್ಣಗಳ ನಡುವಿನ ಕಾಂಟ್ರಾಸ್ಟ್ ಅಳೆಯಲು ವೆಬ್ ಪುಟಗಳಿಗಾಗಿ ಮಾಡಿದ ಒಂದು ಸೂತ್ರ ಇದೆ. ಡಬ್ಲ್ಯುಸಿಎಜಿ ಎಂಬ ನಿಯಮಾವಳಿಯ 2008ರ ಆವೃತ್ತಿಯಲ್ಲಿ ಬಂದದ್ದು. ಒಂದೇ ಬಣ್ಣದ ಮೇಲೆ ಅದೇ ಬಣ್ಣ ಇಟ್ಟರೆ 1. ಅಪ್ಪಟ ಕಪ್ಪಿನ ಮೇಲೆ ಅಪ್ಪಟ ಬಿಳಿ ಇಟ್ಟರೆ 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು. ಇನ್ನೂ ಚೆನ್ನಾಗಿ ಬೇಕೆಂದರೆ 7.

ಈ ಸೂತ್ರದಲ್ಲಿ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಮೂರು ಮೂಲ ಬಣ್ಣಗಳಿಗೆ ಒಂದೇ ತೂಕ ಇಲ್ಲ. ಬೆಳಕಿನ ಲೆಕ್ಕದಲ್ಲಿ ಹಸಿರಿನ ಪಾಲು 0.7152, ಕೆಂಪಿನದು 0.2126, ನೀಲಿಯದು ಬರೀ 0.0722. ನಮ್ಮ ಕಣ್ಣಿಗೆ ನೀಲಿ ಅಷ್ಟು ಮಂದ. ಅಪ್ಪಟ ಕಪ್ಪಿನ ಮೇಲೆ ಅಪ್ಪಟ ನೀಲಿ ಅಕ್ಷರ ಬರೆದರೆ ಕಾಂಟ್ರಾಸ್ಟ್ 2.44 ಮಾತ್ರ. ಅಪ್ಪಟ ಹಳದಿಗೆ 19ರ ಮೇಲೆ ಬರುತ್ತದೆ. ನನ್ನ ಸ್ಕೀಮ್‌ನ ಕಡು ನೀಲಿ ಮಳೆಗಾಲದ ಕತ್ತಲಲ್ಲಿ ಯಾಕೆ ಮುಳುಗುತ್ತಿತ್ತು ಎನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ನನ್ನ ಹಳದಿ ಬೂದುಗಪ್ಪಿನ ಮೇಲೆ ಸುಮಾರು 8.5 ಬಂತು. ಕೆಮ್ಮಣ್ಣಿನ ಮೇಲೆ 6.9. ಅಕ್ಕಿ ಬಿಳಿ ಕೆಮ್ಮಣ್ಣಿನ ಮೇಲೆ 9.2. ಎಲ್ಲ ಪಾಸ್. ಆದರೆ ಲೆಕ್ಕ ಇನ್ನೊಂದು ಸಂಗತಿಯನ್ನೂ ತೋರಿಸಿತು. ಹಳದಿಗೂ ಅಕ್ಕಿ ಬಿಳಿಗೂ ನಡುವಿನ ವ್ಯತ್ಯಾಸ ಬರೀ 1.3. ಎರಡೂ ಹಿನ್ನೆಲೆಯ ಮೇಲೆ ಚೆನ್ನಾಗಿ ಕಾಣುತ್ತವೆ, ಆದರೆ ಒಂದರ ಪಕ್ಕ ಒಂದು ಇಟ್ಟರೆ ಬೆಳಕಿನಲ್ಲಿ ಹೆಚ್ಚು ಭೇದ ಇಲ್ಲ. ಹೊಂದಿದ ಅಕ್ಷರ ಎದ್ದು ಕಾಣಬೇಕಾದರೆ ಅದರ ಅಕ್ಕಪಕ್ಕದ ಅಕ್ಷರ ತಗ್ಗಬೇಕು. ಅದಕ್ಕೆ ಆಯ್ಕೆಯಾಗದ ಸಾಲುಗಳಿಗೆಲ್ಲ ಒಂದು ಬೂದು ಕೊಟ್ಟೆ: 170, 160, 145. ಆ ಗ್ರೂಪ್‌ನ ಹೆಸರು ಟೆಲಿಸ್ಕೋಪ್‌ರಿಸಲ್ಟ್ಸ್‌ನಾರ್ಮಲ್. ಅದರ ಕಾಂಟ್ರಾಸ್ಟ್ 5.7. ಓದಲು ಧಾರಾಳ ಸಾಕು, ಹಳದಿಯ ಜೊತೆ ಪೈಪೋಟಿಗೆ ಬರುವುದಿಲ್ಲ. ಇದು ಐದನೇ ಬಣ್ಣ ಅಲ್ವಾ ಎಂದರೆ, ಅಕ್ಕಿ ಬಿಳಿಯನ್ನೇ ನೀರು ಮಾಡಿದ್ದು ಎಂದು ನನ್ನ ಲೆಕ್ಕ.

ಬರೆಯುವ ಕ್ರಮದಲ್ಲಿ ತಿಳಿದಿರಬೇಕಾದ ಎರಡು ಸಂಗತಿ ಇವೆ. ನಿಯೋವಿಮ್‌ನ ಸೆಟ್ಟಿಂಗ್ ಬರೆಯುವುದು ಲುವಾ ಎಂಬ ಭಾಷೆಯ ಕಡತದಲ್ಲಿ. ಅಲ್ಲಿ ಬಣ್ಣ ಕೊಡಲು ನಿಯೋವಿಮ್‌ನ ಎಪಿಐಯಲ್ಲಿ, ಅಂದರೆ ಕೋಡ್‌ನಿಂದ ಎಡಿಟರ್‌ಗೆ ಕೆಲಸ ಹೇಳುವ ಫಂಕ್ಷನ್‌ಗಳಲ್ಲಿ, ‘ಸೆಟ್ ಹೆಚ್‌ಎಲ್’ ಎಂಬುದು ಇದೆ. ಹಳೆಯ ‘ಹೈಲೈಟ್’ ಆಜ್ಞೆ ಇದ್ದ ಗುಣಗಳಿಗೆ ಹೊಸದನ್ನು ಸೇರಿಸುತ್ತದೆ. ಈ ಫಂಕ್ಷನ್ ಹಾಗಲ್ಲ, ಹಳೆಯದನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯುತ್ತದೆ. ಸೆಲೆಕ್ಷನ್‌ಗೆ ಅಕ್ಷರದ ಬಣ್ಣ ಮಾತ್ರ ಕೊಟ್ಟರೆ ವಿಶುವಲ್‌ನ ಲಿಂಕ್ ಕಡಿದುಹೋಗಿ ಹಿನ್ನೆಲೆಯೂ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಕೊಡಬೇಕು. ಮ್ಯಾಚಿಂಗ್‌ಗೆ ಮಾತ್ರ ಬೇಕೆಂದೇ ಹಿನ್ನೆಲೆ ಕೊಡಲಿಲ್ಲ. ಹಿನ್ನೆಲೆ ಇಲ್ಲದಿದ್ದರೆ ಕೆಳಗಿನ ಕೆಮ್ಮಣ್ಣು ಹಾಗೇ ಕಾಣುತ್ತದೆ. ಕೊಟ್ಟರೆ ಆಯ್ಕೆಯ ಸಾಲಿನಲ್ಲಿ ಅಲ್ಲಲ್ಲಿ ತೂತು ಬಿದ್ದಂತೆ ಆಗುತ್ತದೆ.

ಎರಡನೆಯದು, ಕಲರ್‌ಸ್ಕೀಮ್ ಬದಲಾದಾಗ ಹೈಲೈಟ್‌ಗಳೆಲ್ಲ ಅಳಿಸಿಹೋಗುತ್ತವೆ. ಸ್ಕೀಮ್‌ನ ಮೊದಲ ಸಾಲುಗಳಲ್ಲೇ ಸಾಮಾನ್ಯವಾಗಿ ಆ ಆಜ್ಞೆ ಇರುತ್ತದೆ. ನಾವು ಕೊಟ್ಟ ಬಣ್ಣವೂ ಅದರ ಜೊತೆ ಹೋಗುತ್ತದೆ. ಅದಕ್ಕೆ ಬಣ್ಣಗಳನ್ನೆಲ್ಲ ಒಂದು ಫಂಕ್ಷನ್‌ನಲ್ಲಿ ಇಟ್ಟು, ‘ಕಲರ್‌ಸ್ಕೀಮ್’ ಎಂಬ ಆಟೋಕಮಾಂಡ್‌ಗೆ ಕಟ್ಟಬೇಕು. ಸ್ಕೀಮ್ ಲೋಡ್ ಆದಾಗೆಲ್ಲ ಅದು ಓಡುತ್ತದೆ. ಈ ಆಟೋಕಮಾಂಡ್ ಅನ್ನು ಸ್ಕೀಮ್ ಹಾಕುವ ಸಾಲಿಗಿಂತ ಮೇಲೆ ಬರೆಯಬೇಕು. ಕೆಳಗೆ ಬರೆದರೆ ಮೊದಲ ಸಲ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಬಿಸಿಲಿನ ಪರದೆಗೂ ಇದೇ ದಾರಿ. ನಿಯೋವಿಮ್‌ನ ‘ಬ್ಯಾಕ್‌ಗ್ರೌಂಡ್’ ಆಯ್ಕೆಯನ್ನು ಡಾರ್ಕ್‌ನಿಂದ ಲೈಟ್‌ಗೆ ತಿರುಗಿಸಿದರೆ ಸ್ಕೀಮ್ ಮತ್ತೆ ಲೋಡ್ ಆಗುತ್ತದೆ, ನನ್ನ ಫಂಕ್ಷನ್ ಮತ್ತೆ ಓಡುತ್ತದೆ. ಒಳಗೆ ಒಂದು ‘ಇಫ್’ ಇಟ್ಟು ಎರಡು ಪಟ್ಟಿ ಮಾಡಿದೆ. ಹಗಲಿನ ಪಟ್ಟಿಯಲ್ಲಿ ಚಿತ್ತಾರ ತಿರುಗುಮುರುಗು. ಹಿನ್ನೆಲೆ ಅಕ್ಕಿ ಬಿಳಿ, ಅಕ್ಷರ ಕಪ್ಪು. ಹಳದಿಗೆ ಇಲ್ಲಿ ಕೆಲಸ ಇಲ್ಲ. ಅಪ್ಪಟ ಬಿಳಿಯ ಮೇಲೆ ಅಪ್ಪಟ ಹಳದಿಯ ಕಾಂಟ್ರಾಸ್ಟ್ 1.07, ಅಂದರೆ ಇಲ್ಲವೇ ಇಲ್ಲ ಅನ್ನಬಹುದು. ಹೊಂದಿದ ಅಕ್ಷರಕ್ಕೆ ಗಾಢ ಕೆಮ್ಮಣ್ಣು ಕೊಟ್ಟೆ: 140, 40, 20. ಬಿಳಿಗೆ 245, 238, 222. ಎರಡರ ನಡುವೆ 7ರ ಮೇಲೆ ಬಂತು. ಬೇಸಿಗೆಯ ಜಗಲಿಯಲ್ಲಿ ಕೂತು ನೋಡಿದೆ. ಗಾಜಿನಲ್ಲಿ ಅಂಗಳದ ಬೆಳಕು ಕಾಣುತ್ತಿದ್ದರೂ ಕೆಂಪು ಅಕ್ಷರ ನಿಂತಿತ್ತು. ನನಗೆ ನಿಜಕ್ಕೂ ಸಂತೋಷವಾಯಿತು.

ಅಂಚಿನ ಗೆರೆಯ ವಿಷಯದಲ್ಲಿ ಬೇರೆ ಬೇರೆ ಅಭಿಪ್ರಾಯ ಇವೆ. ಬಾರ್ಡರ್‌ನ ಬಣ್ಣವನ್ನು ಹಿನ್ನೆಲೆಯ ಬಣ್ಣಕ್ಕೇ ಸಮ ಮಾಡಿ, ಗೆರೆಯೇ ಕಾಣದಂತೆ ಮಾಡುವುದು ಈಗ ಬಹಳ ಜನರಿಗೆ ಇಷ್ಟ. ಪ್ರಾಂಪ್ಟ್‌ಗೆ ಬೇರೆ ಹಿನ್ನೆಲೆ, ಪಟ್ಟಿಗೆ ಬೇರೆ ಹಿನ್ನೆಲೆ ಕೊಟ್ಟು ಭಾಗ ಮಾಡುತ್ತಾರೆ. ದೊಡ್ಡ ಪರದೆಯಲ್ಲಿ, ಒಳ್ಳೆಯ ಬೆಳಕಿನಲ್ಲಿ ಅದು ಚೆಂದವೇ. ಬೆಳಕು ತಗ್ಗಿಸಿದ ಲ್ಯಾಪ್‌ಟಾಪ್‌ನಲ್ಲಿ ಎರಡು ಕಪ್ಪುಗಳ ನಡುವಿನ ವ್ಯತ್ಯಾಸ ಉಳಿಯುವುದಿಲ್ಲ. ನಾನು ಗೆರೆಯನ್ನು ಉಳಿಸಿಕೊಂಡೆ, ಮಂದ ಕೆಮ್ಮಣ್ಣಿನಲ್ಲಿ. ಪಾರದರ್ಶಕತೆ ಕೊಡುವ ‘ವಿನ್‌ಬ್ಲೆಂಡ್’ ಅನ್ನು ಸೊನ್ನೆಗೆ ಇಟ್ಟೆ. ಹಿಂದಿನ ಕೋಡ್ ಇಣುಕುತ್ತಿದ್ದರೆ ಲೆಕ್ಕ ಹಾಕಿದ ಕಾಂಟ್ರಾಸ್ಟ್‌ಗೆ ಬೆಲೆ ಎಲ್ಲಿ?

ಕಡತಗಳ ಮುಂದೆ ಬರುವ ಬಣ್ಣದ ಐಕಾನ್‌ಗಳು ಇನ್ನೊಂದು ತಲೆನೋವು. ಒಂದೊಂದು ಬಗೆಯ ಕಡತಕ್ಕೆ ಒಂದೊಂದು ಬಣ್ಣ. ನಾಲ್ಕು ಬಣ್ಣದ ನಿಯಮ ಅಲ್ಲೇ ಮುರಿಯುತ್ತದೆ. ಟೆಲಿಸ್ಕೋಪ್‌ನ ಸೆಟಪ್‌ನಲ್ಲಿ ‘ಕಲರ್ ಡೆವ್‌ಐಕಾನ್ಸ್’ ಅನ್ನು ಫಾಲ್ಸ್ ಮಾಡಿದರೆ ಐಕಾನ್ ಇರುತ್ತದೆ, ಬಣ್ಣ ಹೋಗುತ್ತದೆ.

ಇಷ್ಟಾದ ಮೇಲೆ ನನ್ನ ದೊಡ್ಡಪ್ಪನ ಮಗನಿಗೆ ತೋರಿಸಿದೆ. ಅವನೂ ಇದೇ ಕೆಲಸದವನು, ಶಿವಮೊಗ್ಗದಲ್ಲಿದ್ದಾನೆ. ಅವನಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಹುಟ್ಟಿನಿಂದ ಬಂದದ್ದು. ಈ ತೊಂದರೆಗೆ ಕಾರಣವಾದ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿ ಇರುವುದರಿಂದ ಗಂಡಸರಲ್ಲೇ ಜಾಸ್ತಿ. ಅವನು ನೋಡಿ, “ಹಳದಿ ಸಮಾ ಕಾಣ್ತದೆ ಮಾರಾಯ. ಆದ್ರೆ ಯಾವ ಸಾಲಲ್ಲಿ ಇದ್ದೀನಿ ಅಂತ ಗೊತ್ತೇ ಆಗ್ತಿಲ್ಲ” ಎಂದ. ನನಗೆ ಅಷ್ಟು ಚೆನ್ನಾಗಿ ಕಾಣುವ ಕೆಮ್ಮಣ್ಣಿನ ಪಟ್ಟಿ ಅವನಿಗೆ ಸುಮ್ನೆ ಇನ್ನೊಂದು ಕಪ್ಪು. ಲೆಕ್ಕ ಮಾಡಿದರೆ ಅವನು ಹೇಳಿದ್ದೇ ಸರಿ. ಕೆಮ್ಮಣ್ಣಿಗೂ ಬೂದುಗಪ್ಪಿಗೂ ನಡುವೆ ಕಾಂಟ್ರಾಸ್ಟ್ 1.2 ಮಾತ್ರ. ನಾನು ಅದನ್ನು ಗುರುತಿಸುತ್ತಿದ್ದದ್ದು ಕೆಂಪು ಎಂಬ ಕಾರಣಕ್ಕೆ. ಆ ಕಾರಣ ಅವನಿಗೆ ಇಲ್ಲ.

ಬಣ್ಣ ಹೇಳುವ ಮಾತನ್ನು ಇನ್ನೊಂದು ಗುರುತು ಕೂಡ ಹೇಳಬೇಕು, ಅಷ್ಟೇ. ಆಯ್ಕೆಯ ಸಾಲಿನ ಮುಂದೆ ಬರುವ ‘ಸೆಲೆಕ್ಷನ್ ಕ್ಯಾರೆಟ್’ ಚಿಹ್ನೆಯನ್ನು ದಪ್ಪ ತ್ರಿಕೋನ ಮಾಡಿದೆ. ಅದಕ್ಕೆ ಹಳದಿ ಕೊಟ್ಟೆ. ಆ ಸಾಲಿನ ಅಕ್ಷರ ಮೊದಲೇ ಅಕ್ಕಿ ಬಿಳಿ, ಉಳಿದವು ಬೂದು. ಆ ಅಂತರವನ್ನು ಇನ್ನಷ್ಟು ಹಿಗ್ಗಿಸಲು ದಪ್ಪ ಅಕ್ಷರ ಸೇರಿಸಿದೆ. ಹಲವು ಕಡತ ಒಟ್ಟಿಗೆ ಆರಿಸಿದಾಗ ಹಸಿರು ಕೊಡಬೇಕೆಂದು ಯೋಚಿಸಿದ್ದೆ, ಅದನ್ನು ಬಿಟ್ಟೆ. ಅಲ್ಲಿ ಟೆಲಿಸ್ಕೋಪ್ ತಾನೇ ಒಂದು ಕೂಡು ಚಿಹ್ನೆ ಹಾಕುತ್ತದೆ. ಆಕಾರವೇ ಸಾಕು.

ಹೊಂದಿದ ಅಕ್ಷರಕ್ಕೆ ಅಡಿಗೆರೆ ಹಾಕು ಎಂದು ಅವನೇ ಸಲಹೆ ಕೊಟ್ಟ. ಇಂಗ್ಲಿಷ್ ಹೆಸರಿನ ಕಡತಗಳಲ್ಲಿ ಅದು ಬಹಳ ಚೆನ್ನಾಗಿ ಕಂಡಿತು. ಕನ್ನಡ ಹೆಸರಿಗೆ ಬಂದಾಗ ಕಥೆ ಬೇರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಲೆಕ್ಕ’, ‘ಪಟ್ಟಿ’, ‘ಬೆಟ್ಟೆ’, ಯಾವುದು ನೋಡಿದರೂ ಅಡಿಗೆರೆ ಒತ್ತಿನ ಮೇಲೇ ಹರಿದುಹೋಗುತ್ತದೆ. ಅಡಿಕೆ ಲೆಕ್ಕದ ಕಡತಗಳಲ್ಲಿ ಒತ್ತಿಲ್ಲದ ಹೆಸರೇ ಕಡಿಮೆ. ಗೆರೆ ಎಳೆದದ್ದು ಎದ್ದು ಕಾಣಲಿ ಅಂತ, ಆದದ್ದು ಓದಲು ಕಷ್ಟ. ಅಡಿಗೆರೆ ತೆಗೆದು ಅಲ್ಲೂ ದಪ್ಪ ಅಕ್ಷರವನ್ನೇ ಇಟ್ಟೆವು. ಬೇರೆ ಲಿಪಿಯವರು ಬರೆದ ಸಲಹೆಗಳನ್ನು ನಮ್ಮ ಲಿಪಿಯ ಮೇಲೆ ಇಟ್ಟು ನೋಡದೆ ಒಪ್ಪಬಾರದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಲ್ಲಿ. ಕನ್ನಡದಲ್ಲಿ ಕಡತದ ಹೆಸರು ಇಡುವವರು ಹೆಚ್ಚಾದಷ್ಟೂ ಇಂಥ ವಿಷಯ ಹೊರಗೆ ಬರುತ್ತದೆ. ಬರಲಿ ಎಂದೇ ನಾನು ಹೆಸರುಗಳನ್ನು ಕನ್ನಡದಲ್ಲಿ ಇಡುವುದು.

ನಿಯೋವಿಮ್ ಓಡುವುದು ಟರ್ಮಿನಲ್ ಎಂಬ, ಆಜ್ಞೆ ಟೈಪ್ ಮಾಡುವ ಕಿಟಕಿಯೊಳಗೆ. ಅದರ ಕಡೆಯೂ ಸ್ವಲ್ಪ ನೋಡಬೇಕು. ಮೇಲೆ ಹೇಳಿದ ಸಂಖ್ಯೆಗಳು ಇದ್ದ ಹಾಗೇ ಬರಬೇಕಾದರೆ ನಿಯೋವಿಮ್‌ನ ‘ಟರ್ಮ್‌ಗುಯಿಕಲರ್ಸ್’ ಎಂಬ ಆಯ್ಕೆ ಆನ್ ಇರಬೇಕು. ನಿಯೋವಿಮ್‌ನ 2024ರ 0.10 ಆವೃತ್ತಿಯಿಂದ, ಟರ್ಮಿನಲ್‌ಗೆ ಆ ಶಕ್ತಿ ಇದ್ದರೆ ಅದು ತಾನಾಗೇ ಆನ್ ಆಗುತ್ತದೆ. ಒಂದೇ ಟರ್ಮಿನಲ್ ಅನ್ನು ಹಲವು ಭಾಗ ಮಾಡುವ ಟಿಮಕ್ಸ್ ಒಳಗೆ ಕೂತವರು ಅದರ ಸೆಟ್ಟಿಂಗ್‌ನಲ್ಲಿ ಆರ್‌ಜಿಬಿ ಬಗ್ಗೆ ಬೇರೆ ಹೇಳಬೇಕು. ಇಲ್ಲದಿದ್ದರೆ ಬಣ್ಣ 256ರ ಪಟ್ಟಿಗೆ ಇಳಿದು, ಕೆಮ್ಮಣ್ಣು ಹೋಗಿ ಬೇರೇನೋ ಬರುತ್ತದೆ.

ಎಡಿಟರ್‌ನ ಹೊರಗೆ, ಟರ್ಮಿನಲ್‌ನಲ್ಲಿ ಆಜ್ಞೆ ಕೊಡುವ ಶೆಲ್‌ನಲ್ಲಿ ನಾನು ಎಫ್‌ಜೆಡ್‌ಎಫ್ ಬಳಸುತ್ತೇನೆ. ಜುನೆಗುನ್ ಚೋಯ್ 2013ರಲ್ಲಿ ಶುರು ಮಾಡಿದ ಫೈಂಡರ್ ಅದು. ಅದರ ಬಣ್ಣಕ್ಕೆ ಲುವಾ ಬೇಡ. ‘ಕಲರ್’ ಎಂಬ ಆಯ್ಕೆಯಲ್ಲಿ ಒಂದೇ ಸಾಲಿನಲ್ಲಿ ಎಲ್ಲ ಹೇಳಬಹುದು. ಪಟ್ಟಿಯ ಅಕ್ಷರಕ್ಕೆ ಎಫ್‌ಜಿ, ಹೊಂದಿದ್ದಕ್ಕೆ ಹೆಚ್‌ಎಲ್, ಆಯ್ಕೆಯ ಸಾಲಿಗೆ ಅವೇ ಹೆಸರುಗಳ ಮುಂದೆ ಒಂದು ಪ್ಲಸ್. ಆಯ್ಕೆಯ ಸಾಲಿನ ಹೊಂದಾಣಿಕೆಗೆ ಬೇರೆಯೇ ಬಣ್ಣ ಕೊಡಲು ಇಲ್ಲಿ ಅವಕಾಶ ಇದೆ. ಟೆಲಿಸ್ಕೋಪ್‌ಮ್ಯಾಚಿಂಗ್ ಎರಡೂ ಕಡೆಗೆ ಒಂದೇ. ಆ ಮಟ್ಟಿಗೆ ಎಫ್‌ಜೆಡ್‌ಎಫ್ ಮೇಲು. ಕೆಮ್ಮಣ್ಣಿನ ಮೇಲಿನ ಹಳದಿಯನ್ನು ಅಲ್ಲಿ ಇನ್ನೂ ಸ್ವಲ್ಪ ತಿಳಿ ಮಾಡಿಕೊಂಡಿದ್ದೇನೆ.

ದೊಡ್ಡಪ್ಪನ ಮಗನ ಕಂಪ್ಯೂಟರ್‌ನಲ್ಲಿ ಇದೇ ಕಡತ ಈಗ ಓಡುತ್ತಿದೆ. ಅವನು ಕೆಮ್ಮಣ್ಣನ್ನು ತೆಗೆದು ಆ ಜಾಗಕ್ಕೆ ಸ್ವಲ್ಪ ತಿಳಿಯಾದ ಬೂದು ಹಾಕಿಕೊಂಡಿದ್ದಾನೆ. ನಾನು ಇನ್ನೂ ಮುಟ್ಟದೆ ಬಿಟ್ಟಿರುವುದು ಪ್ರಿವ್ಯೂ ಭಾಗ. ಅಲ್ಲಿ ಸಿಕ್ಕಿದ ಪದದ ಬಣ್ಣ ‘ಸರ್ಚ್’ ಗ್ರೂಪ್‌ನಿಂದ ಬರುತ್ತದೆ, ಸುತ್ತ ಇರುವ ಕೋಡ್‌ಗೆ ಸ್ಕೀಮ್‌ನದೇ ಬಣ್ಣಗಳು. ಅಲ್ಲಿ ನಾಲ್ಕರ ನಿಯಮ ಹೇಗೆ ನಡೆಸುವುದು ಎಂದು ಈಗ ನೋಡುತ್ತಿದ್ದೇನೆ.